ಪಾರ್ಕಿನೊಳಗಿನ ಕಂಪನಿ ಗೆದ್ದಿತೋ ಸೋತಿತೋ?

ವಿಜ್ಞಾನ ಪಾರ್ಕು ಅಂದ ಕೂಡಲೆ ಮಕ್ಕಳು ಜಾರುಬಂಡೆ ಆಡುವ ಜಾಗ ನೆನಪಾದರೆ ತಪ್ಪೇನಿಲ್ಲ. ನಾನು ಹೇಳ್ತಿರೋದು ಬೇರೆ. ವಿಶ್ವವಿದ್ಯಾಲಯವೋ ಇಂಜಿನಿಯರಿಂಗ್ ಕಾಲೇಜೋ ತನ್ನ ಜಾಗದಲ್ಲಿ ಹೊಸ ಕಂಪನಿಗಳಿಗೆ ಕೋಣೆ, ಲ್ಯಾಬು, ಸಲಹೆ ಎಲ್ಲ ಕೊಟ್ಟು ಬೆಳೆಸುವ ವ್ಯವಸ್ಥೆ. ನಮ್ಮ ಬಿಟ್ಟಂಗಾಲದಿಂದ ಒಂದು ಕಡೆ ಹುಣಸೂರು ದಾಟಿ ಹೋದರೆ ಮೈಸೂರಿನ ಎಸ್.ಜೆ.ಸಿ.ಇ. ಕಾಲೇಜಿನಲ್ಲಿ ‘ಸ್ಟೆಪ್’ ಅಂತ ಒಂದಿದೆ. ಇನ್ನೊಂದು ಕಡೆ ಮಡಿಕೇರಿ, ಸುಳ್ಯ ದಾಟಿ ಇಳಿದರೆ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಅದೇ ಹೆಸರಿನ ಇನ್ನೊಂದು.

ನಮ್ಮ ಅಣ್ಣನ ಮಗ ಇಂಜಿನಿಯರಿಂಗ್ ಮುಗಿಸಿ, ಕಾಫಿ ಬೀಜದ ತೇವ ಅಳೆಯುವ ಮೀಟರ್ ಮಾಡ್ತೀನಿ ಅಂತ ಹೊರಟಿದ್ದಾನೆ. ‘ಚಿಕ್ಕಪ್ಪ, ಇಂಥ ಪಾರ್ಕಿನೊಳಗೆ ಸೇರಿದ್ರೆ ಕಂಪನಿ ನಿಜವಾಗ್ಲೂ ಚೆನ್ನಾಗಿ ನಡೆಯುತ್ತಾ?’ ಅಂತ ಕೇಳಿದ. ಸುಲಭದ ಪ್ರಶ್ನೆ ಅಂದುಕೊಂಡು ಓದಲಿಕ್ಕೆ ಕೂತೆ. ಓದುತ್ತಾ ಹೋದ ಹಾಗೆ ಪಾರ್ಕುಗಳ ಇತಿಹಾಸಕ್ಕಿಂತ, ಅವನ್ನು ಅಳೆಯಲು ಹೊರಟವರ ಇತಿಹಾಸವೇ ಮಜವಾಗಿದೆ ಅನ್ನಿಸಿತು. ಅದನ್ನೇ ಇಲ್ಲಿ ಬರೀತಿದ್ದೇನೆ.

ಶುರುವಾದದ್ದು ಬಾಡಿಗೆಯಿಂದ! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಎರಡನೇ ಮಹಾಯುದ್ಧದ ನಂತರ ದುಡ್ಡಿನ ಮುಗ್ಗಟ್ಟು. ಎಕರೆಗಟ್ಟಲೆ ಜಮೀನಿತ್ತು, ಆದರೆ ದಾನ ಕೊಟ್ಟವರು ಮಾರಬಾರದು ಅಂತ ಬರೆದಿಟ್ಟಿದ್ದರು. ಸರಿ, ಗುತ್ತಿಗೆಗೆ ಕೊಟ್ಟರು. 1951ರಲ್ಲಿ ಹೀಗೆ ಹುಟ್ಟಿದ್ದು ಸ್ಟ್ಯಾನ್‌ಫರ್ಡ್ ಇಂಡಸ್ಟ್ರಿಯಲ್ ಪಾರ್ಕ್. ವೇರಿಯನ್, ಹ್ಯೂಲೆಟ್-ಪ್ಯಾಕರ್ಡ್ ಮುಂತಾದವರು ಬಂದರು. ಬರುವವರು ವಿಶ್ವವಿದ್ಯಾಲಯದ ಓದಿಗೆ ಹತ್ತಿರದ ಕೆಲಸದವರೇ ಆಗಿರಲಿ ಅಂತ ಪಟ್ಟು ಹಿಡಿದವರು ಫ್ರೆಡರಿಕ್ ಟರ್ಮನ್ ಎಂಬ ಪ್ರೊಫೆಸರ್. ಆದರೂ ಮೊದಲ ಅಳತೆಗೋಲು ಮಾತ್ರ ಜಮೀನ್ದಾರನದು: ಎಷ್ಟು ಜಾಗ ಭರ್ತಿ, ಎಷ್ಟು ದುಡ್ಡು ಬಂತು. ಈ ಜಮೀನ್ದಾರನ ಕಣ್ಣು ಇವತ್ತಿಗೂ ಪೂರ್ತಿ ಹೋಗಿಲ್ಲ. ಕಟ್ಟಡ ತುಂಬಿದೆ ಅಂದ್ರೆ ಪಾರ್ಕು ಗೆದ್ದಿತು ಅಂತ ಹೇಳೋರು ಬೇಕಾದಷ್ಟಿದ್ದಾರೆ.

1970ರಲ್ಲಿ ಇಂಗ್ಲೆಂಡಿನ ಟ್ರಿನಿಟಿ ಕಾಲೇಜು ಕೇಂಬ್ರಿಜ್ ಸೈನ್ಸ್ ಪಾರ್ಕ್ ಶುರು ಮಾಡಿತು. ಎಂಬತ್ತರ ದಶಕದಲ್ಲಿ ಹಳೇ ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ಏರಿದಾಗ ಅಲ್ಲಿ ಊರೂರಲ್ಲೂ ಪಾರ್ಕುಗಳು ಎದ್ದವು. ಆಗ ಲೆಕ್ಕ ಉದ್ಯೋಗಕ್ಕೆ ತಿರುಗಿತು. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ನಮ್ಮ ದೇಶ ಈ ಹೊತ್ತಿನಲ್ಲೇ ಶುರು ಮಾಡಿದ್ದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1984ರಲ್ಲಿ ‘ಸ್ಟೆಪ್’ ಯೋಜನೆ ತಂದಿತು. ಮೈಸೂರಿನದು ಅದರ ಮೊದಮೊದಲ ಫಸಲು. ಸುರತ್ಕಲ್ಲಿನದು 1994ರದ್ದು, ಆಗ ಅದಿನ್ನೂ ಕೆ.ಆರ್.ಇ.ಸಿ. ನಮ್ಮಲ್ಲೂ ವರದಿಗಳಲ್ಲಿ ಎದ್ದು ಕಾಣುವುದು ಅದೇ ಎಣಿಕೆ: ಎಷ್ಟು ಕಂಪನಿ, ಎಷ್ಟು ಕೆಲಸ, ಎಷ್ಟು ಜನಕ್ಕೆ ತರಬೇತಿ, ಎಷ್ಟು ವಹಿವಾಟು.

ಈ ಎಣಿಕೆಯಲ್ಲಿ ಏನು ಊನ ಅಂತ ಕೊಡಗಿನ ರೊಬಸ್ಟಾ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನ ಗೆಳೆಯರಿಗಾಗಿ ಹೇಳ್ತೀನಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರಿನಿಂದ ನೀರು ಹಾರಿಸಿ ಹೂ ಅರಳಿಸ್ತಾರೆ. ‘ಸ್ಪ್ರಿಂಕ್ಲರ್ ಇಟ್ಟೋರ ತೋಟದಲ್ಲಿ ನೋಡಿ, ಏನು ಫಸಲು!’ ಅಂತ ಮಾತು. ನಿಜವೇ. ಆದರೆ ಸ್ಪ್ರಿಂಕ್ಲರ್ ಇಟ್ಟವರು ಯಾರು? ಕೆರೆ ಇರುವವರು, ಕೈಯಲ್ಲಿ ದುಡ್ಡಿರುವವರು, ಗೊಬ್ಬರ ಕಪಾತು ಎಲ್ಲ ಹೊತ್ತಿಗೆ ಸರಿಯಾಗಿ ಮಾಡಿಸುವವರು. ಅವರಿಗೆ ಸ್ಪ್ರಿಂಕ್ಲರ್ ಇಲ್ಲದಿದ್ದರೂ ಪಕ್ಕದವನಿಗಿಂತ ಹೆಚ್ಚೇ ಬರುತ್ತಿತ್ತು. ನೀರಿನಿಂದ ಬಂದದ್ದೆಷ್ಟು ಅಂತ ಗೊತ್ತಾಗಬೇಕಾದರೆ ಅದೇ ಮಣ್ಣಿನ, ಅದೇ ಆರೈಕೆಯ ಒಂದು ತಾಕಿಗೆ ನೀರು ಬಿಡದೆ ನೋಡಬೇಕು. ಪಾರ್ಕುಗಳ ಕಥೆಯೂ ಇಷ್ಟೇ. ಅವು ಅರ್ಜಿ ತರಿಸಿ, ಸಂದರ್ಶನ ಮಾಡಿ, ಒಳ್ಳೆ ಕಂಪನಿಗಳನ್ನೇ ಆರಿಸಿಕೊಳ್ಳುತ್ತವೆ. ಆಮೇಲೆ ‘ನೋಡಿ ನಮ್ಮ ಕಂಪನಿಗಳು’ ಅಂದರೆ ಹೇಗೆ?

ನೀರು ಬಿಡದ ತಾಕನ್ನು ಹುಡುಕುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದದ್ದು ಬ್ರಿಟನ್ನಿನಲ್ಲಿ. 1986ರಲ್ಲಿ ಡೇವಿಡ್ ಸ್ಟೋರಿ ಮತ್ತು ಸಂಗಡಿಗರು ಪಾರ್ಕಿನೊಳಗಿನ 183 ಕಂಪನಿಗಳನ್ನೂ, ಅಂಥದೇ ಕೆಲಸ ಮಾಡುವ ಹೊರಗಿನ 101 ಕಂಪನಿಗಳನ್ನೂ ವಿಚಾರಿಸಿದರು. 1988ರಲ್ಲಿ ಪುಸ್ತಕ ಬಂತು. ಆರು ವರ್ಷ ಬಿಟ್ಟು ಪಾಲ್ ವೆಸ್ಟ್‌ಹೆಡ್ ಜೊತೆ ಅದೇ ಕಂಪನಿಗಳನ್ನು ಮತ್ತೆ ಹುಡುಕಿಕೊಂಡು ಹೋದರು. ಎಷ್ಟು ಉಳಿದಿವೆ, ಎಷ್ಟು ಮುಚ್ಚಿವೆ? (ಈ ಎರಡನೇ ಸುತ್ತು ನನಗೆ ತುಂಬಾ ಇಷ್ಟವಾಯ್ತು. ಸರ್ವೆ ಮಾಡಿದವರು ಮತ್ತೆ ಬಂದು ನೋಡುವುದು ಎಲ್ಲೂ ಅಪರೂಪ.) ಫಲಿತಾಂಶ ಪಾರ್ಕಿನವರಿಗೆ ಖುಷಿ ಕೊಡುವಂಥದ್ದಲ್ಲ. ಒಳಗಿನವು ಹೊರಗಿನವು ಅಂತ ಉಳಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 1992ರಲ್ಲಿ ಡೊರೀನ್ ಮ್ಯಾಸಿ ಮತ್ತಿಬ್ಬರು ಸೇರಿ, ಈ ಪಾರ್ಕುಗಳೆಲ್ಲ ಬರೀ ಹೈಟೆಕ್ ಕನಸು ಅನ್ನುವ ಧಾಟಿಯ ಪುಸ್ತಕವನ್ನೇ ಬರೆದರು.

ಅಲ್ಲಿಗೆ ಮುಗಿಯಲಿಲ್ಲ. ಸ್ವೀಡನ್ನಿನ ಲೋಫ್‌ಸ್ಟೆನ್, ಲಿಂಡೆಲೋಫ್ ಎಂಬಿಬ್ಬರು ಒಳಗಿನ 134, ಹೊರಗಿನ 139 ಕಂಪನಿಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಒಳಗಿನವು ನೌಕರರ ಸಂಖ್ಯೆಯಲ್ಲೂ ಮಾರಾಟದಲ್ಲೂ ಬೇಗ ಬೆಳೆದಿದ್ದವು. ಲಾಭದಲ್ಲಿ ಮಾತ್ರ ಮೇಲುಗೈ ಇಲ್ಲ. 2003ರಲ್ಲಿ ಡೊನಾಲ್ಡ್ ಸೀಗಲ್ ತಂಡ ಬ್ರಿಟನ್ನಿನ ಕಂಪನಿಗಳ ಅಂಕಿಗಳನ್ನೇ ಬೇರೆ ಲೆಕ್ಕದಲ್ಲಿ ತೂಗಿತು: ಸಂಶೋಧನೆಗೆ ಹಾಕಿದ ಹಣಕ್ಕೆ ಎಷ್ಟು ಹೊಸ ಸರಕು, ಪೇಟೆಂಟು ಹುಟ್ಟಿತು? ಈ ತಕ್ಕಡಿಯಲ್ಲಿ ಪಾರ್ಕಿನೊಳಗಿನವು ಸ್ವಲ್ಪ ಮುಂದೆ. ಅಂದರೆ ಏನನ್ನು ತೂಗುತ್ತೀರಿ ಅನ್ನುವುದರ ಮೇಲೆ ಗೆಲುವು ಸೋಲು ಅದಲುಬದಲಾಗುತ್ತೆ.

ಯಾವಾಗ ತೂಗುತ್ತೀರಿ ಅನ್ನುವುದೂ ಮುಖ್ಯ. ಇದಕ್ಕೆ ಬೆಂಗಳೂರಿಗಿಂತ ಒಳ್ಳೆ ಉದಾಹರಣೆ ಬೇಡ. ಟಾಟಾ ಇನ್‌ಸ್ಟಿಟ್ಯೂಟ್ (ಐ.ಐ.ಎಸ್‌ಸಿ.) ಕೈಗಾರಿಕೆಗಳ ಜೊತೆ ಕೆಲಸ ಮಾಡಲು 1991ರಲ್ಲೇ ಎಸ್.ಐ.ಡಿ. ಎಂಬ ಸಂಸ್ಥೆ ಕಟ್ಟಿತ್ತು. ಅಲ್ಲಿನ ನಾಲ್ವರು ಪ್ರೊಫೆಸರುಗಳು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಮೇಷ್ಟ್ರಾಗಿದ್ದುಕೊಂಡೇ ಕಂಪನಿಗೆ ಕೈಹಾಕಿದರು. 2000ದಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್. ಅದರ ಬೆನ್ನಿಗೇ ಸಿಂಪ್ಯೂಟರ್ ಮಾಡಲು ಪಿಕೋಪೀಟಾ. ಸಿಂಪ್ಯೂಟರ್ ನೆನಪಿದೆಯಾ? ಓದು ಬರಹ ಬಾರದವರಿಗೂ ಅಂತ ಮಾಡಿದ ಅಂಗೈ ಕಂಪ್ಯೂಟರ್. 2004ರಲ್ಲಿ ಬಿ.ಇ.ಎಲ್. ತಯಾರಿಸಿದ ‘ಅಮಿಡಾ’ ಮಾದರಿ 9,950 ರೂಪಾಯಿಯಿಂದ ಶುರು. ಕೈಯಲ್ಲಿ ಅಲ್ಲಾಡಿಸಿದರೆ ಅದಕ್ಕೆ ಗೊತ್ತಾಗುತ್ತಿತ್ತು, ಐಫೋನು ಬರುವುದಕ್ಕೆ ಮೂರು ವರ್ಷ ಮೊದಲು! ಐವತ್ತು ಸಾವಿರ ಮಾರುವ ಆಸೆಯಿತ್ತು. 2005ರ ಹೊತ್ತಿಗೆ ಎನ್ಕೋರ್ ಮತ್ತು ಪಿಕೋಪೀಟಾ ಎರಡೂ ಸೇರಿ ಮಾರಿದ್ದು ಸುಮಾರು ನಾಲ್ಕು ಸಾವಿರ.

2005ರಲ್ಲಿ ಯಾರಾದರೂ ಅಳೆದಿದ್ದರೆ ಪಿಕೋಪೀಟಾ ಸೋಲು ಅಂತ ಬರೆದು ಮುಗಿಸುತ್ತಿದ್ದರು. ಮಾರಾಟದ ಲೆಕ್ಕದಲ್ಲಿ ಅದು ಸೋಲೇ, ನಾನೇನೂ ಅದನ್ನು ಗೆಲುವು ಅಂತ ಸಾಧಿಸಲು ಹೊರಟಿಲ್ಲ. ಆದರೆ ಅದೇ ನಾಲ್ವರ ಸ್ಟ್ರ್ಯಾಂಡ್ ಜೀನ್ ಸಾಫ್ಟ್‌ವೇರಿನಿಂದ ನಿಧಾನವಾಗಿ ಕ್ಯಾನ್ಸರಿನ ಜೀನ್ ಪರೀಕ್ಷೆಯ ಕಡೆ ಹೊರಳಿಕೊಂಡು ಉಳಿಯಿತು. 2021ರಲ್ಲಿ ರಿಲಯನ್ಸ್ ಅದರ ಸುಮಾರು ಶೇ. 80 ಪಾಲನ್ನು 393 ಕೋಟಿಗೆ ಕೊಂಡಿತು. ಇಪ್ಪತ್ತೊಂದು ವರ್ಷ! ಮೂರು ವರ್ಷಕ್ಕೊಮ್ಮೆ ಫಾರಂ ತುಂಬಿಸುವ ಅಳತೆಗೆ ಇದು ಸಿಗುವುದೇ ಇಲ್ಲ.

ಇನ್ನೊಂದು ತಮಾಷೆ ಇದೆ. ಗೆದ್ದ ಕಂಪನಿ ಪಾರ್ಕು ಬಿಟ್ಟು ಹೋಗುತ್ತೆ. ಏಥರ್ ಸ್ಕೂಟರಿನವರು 2013ರಲ್ಲಿ ಐ.ಐ.ಟಿ. ಮದ್ರಾಸಿನ ಆಸರೆಯಲ್ಲಿ ಶುರು ಮಾಡಿ, ಆಮೇಲೆ ಬೆಂಗಳೂರಿಗೆ ಬಂದು ಬೆಳೆದರು. 2025ರಲ್ಲಿ ಷೇರುಪೇಟೆಗೂ ಬಂದರು. ಈಗ ಒಳಗೆ ಯಾರಿದ್ದಾರೆ ಅಂತಷ್ಟೇ ಎಣಿಸಿದರೆ ಏಥರ್ ಲೆಕ್ಕಕ್ಕಿಲ್ಲ, ಎಲ್ಲೂ ಹೋಗದೆ ಕೂತವನು ಲೆಕ್ಕಕ್ಕುಂಟು.

ನನ್ನ ಮಟ್ಟಿಗೆ ಬುದ್ಧಿವಂತಿಕೆಯ ಅಳತೆ ಸಿಕ್ಕಿದ್ದು ಅದೇ ಮದ್ರಾಸಿನ ರಿಸರ್ಚ್ ಪಾರ್ಕಿನಲ್ಲಿ. 2010ರಲ್ಲಿ ಶುರುವಾದ ಈ ಪಾರ್ಕು ಕಂಪನಿಗಳಿಂದ ಬಾಡಿಗೆಯ ಜೊತೆ ‘ಕ್ರೆಡಿಟ್’ ಕೇಳುತ್ತೆ. ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟೆಯಾ, ಮೇಷ್ಟ್ರುಗಳ ಜೊತೆ ಸಂಶೋಧನೆ ಮಾಡಿದೆಯಾ ಅಂತ ನೋಡಿ ಅಂಕ. ಹಿಡಿದ ಜಾಗಕ್ಕೆ ತಕ್ಕಷ್ಟು ಅಂಕ ಗಳಿಸಬೇಕು. ಲಾಭ ನಷ್ಟ ಅವರವರ ಪಾಡು. ಕಾಲೇಜಿನ ಗೋಡೆಯೊಳಗೆ ಇರುವುದಕ್ಕೂ ಪೇಟೆಯಲ್ಲಿ ಕೋಣೆ ಹಿಡಿಯುವುದಕ್ಕೂ ಏನು ವ್ಯತ್ಯಾಸ ಅನ್ನುವುದನ್ನಷ್ಟೇ ಅದು ಅಳೆಯುತ್ತೆ. ಅಣ್ಣನ ಮಗನಿಗೂ ಇದನ್ನೇ ಹೇಳಿದೆ: ಅಲ್ಲಿ ಎಷ್ಟು ಕಂಪನಿ ಇವೆ ಅಂತ ಕೇಳಬೇಡ, ಹೊರಗೆ ಹೋದವರು ಈಗ ಎಲ್ಲಿದ್ದಾರೆ, ಲ್ಯಾಬಿನ ಬೀಗದ ಕೈ ಸಂಜೆ ಆರರ ಮೇಲೆ ಯಾರ ಹತ್ತಿರ ಇರುತ್ತೆ ಅಂತ ಕೇಳು. ನಕ್ಕ. ಬರೆದುಕೊಂಡ.

ಅಳೆಯುವ ಹೊತ್ತಿನ ಬಗ್ಗೆ ಇನ್ನೊಂದು ಮಾತು, ಇದು ನಮ್ಮ ಕಾಫಿಯದೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಎಲ್ಲರ ತೋಟಕ್ಕೂ ಬಂದ ಎಸ್. 795 ಅರೇಬಿಕಾ ತಳಿ ಹೊರಬಿದ್ದದ್ದು ನಲವತ್ತರ ದಶಕದ ನಡುವೆ. ಚೆಟ್ಟಳ್ಳಿಯ ಉಪಕೇಂದ್ರವೂ ಆಗಿನದೇ, 1946. ಮೂರನೇ ವರ್ಷಕ್ಕೆ ‘ಎಷ್ಟು ಬೆಳೆಗಾರರಿಗೆ ಲಾಭವಾಯ್ತು?’ ಅಂತ ಲೆಕ್ಕ ಕೇಳಿದ್ದರೆ ಬಾಳೆಹೊನ್ನೂರಿನವರು ಸೊನ್ನೆ ಅಂತ ಬರೆಯಬೇಕಾಗಿತ್ತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂದಾಗ ಆ ಪಟ್ಟಿಯಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇತ್ತು. ಚಿಕ್ಕ ಅಳುವಾರದಲ್ಲಿ ಅದು ಉದ್ಘಾಟನೆಯಾದದ್ದು 2023ರಲ್ಲಿ.

ತೈವಾನಿನ ಶಿಂಚು ಪಾರ್ಕಿನ ಕಥೆ (1980ರದ್ದು) ಇದಕ್ಕಿಂತ ಬೇರೆ ಥರ. ಇಲ್ಲಿ ಸೇರಿಸಿದರೆ ಉದ್ದವಾಗುತ್ತೆ, ಇನ್ನೊಮ್ಮೆ ಬರೀತೀನಿ. ನಿಮ್ಮ ಊರಿನ ಕಾಲೇಜಿನಲ್ಲಿ ಇಂಥದ್ದೇನಾದರೂ ಇದ್ದರೆ, ಅಲ್ಲಿಂದ ಹೊರಗೆ ಹೋಗಿ ಬದುಕಿದ ಕಂಪನಿ ನಿಮಗೆ ಗೊತ್ತಿದ್ದರೆ ತಿಳಿಸಿ.