ಉದ್ಯೋಗಸ್ಥಳದಲ್ಲಿ ವ್ಯಸನಮುಕ್ತಿ (ಪುಣೆ)

ಮದ್ಯ ಅಥವಾ ಮಾದಕ ವಸ್ತುವಿನ ಚಟಕ್ಕೆ ಬಿದ್ದ ನೌಕರನನ್ನು ಕೆಲಸದಿಂದ ತೆಗೆಯದೆ, ಚಿಕಿತ್ಸೆ ಕೊಡಿಸಿ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವ ಕ್ರಮ. ಪುಣೆಯಲ್ಲಿ ಇದು ಬೇರೂರಿದ್ದು ಮುಖ್ಯವಾಗಿ ಯೆರವಡಾದ ಮುಕ್ತಾಂಗಣ ಕೇಂದ್ರದ ಮೂಲಕ.

ಹಿನ್ನೆಲೆ: ಖಡಕಿಯ ಮದ್ದುಗುಂಡು ಕಾರ್ಖಾನೆ, ಪಿಂಪರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್ (1954), ಬಳಿಕ ಬಂದ ಟೆಲ್ಕೊ, ಬಜಾಜ್ ಆಟೊಗಳಿಂದ ಪುಣೆ ಪಾಳಿ ಕೆಲಸದ ಊರಾಯಿತು. ಕಾರ್ಖಾನೆಯಲ್ಲಿ ಕುಡಿದಿರುವುದು ಸ್ಥಾಯಿ ಆದೇಶಗಳ (ಕಾರ್ಖಾನೆಯ ಸೇವಾ ನಿಯಮಗಳ) ಪ್ರಕಾರ ದುರ್ನಡತೆ. ನೋಟೀಸು, ವಿಚಾರಣೆ, ಅಮಾನತು, ಕೊನೆಗೆ ವಜಾ. ಶಿಕ್ಷೆಯ ಬದಲು ಚಿಕಿತ್ಸೆ ಎಂಬ ವಿಚಾರ ಹೊಸದಲ್ಲ: ಅಮೆರಿಕದ ಡ್ಯುಪಾಂಟ್, ಈಸ್ಟ್‌ಮನ್ ಕೊಡಾಕ್ ಕಂಪನಿಗಳು 1940ರ ದಶಕದಲ್ಲೇ ಇಂಥ ನೌಕರರಿಗೆ ನೆರವಿನ ವ್ಯವಸ್ಥೆ ಮಾಡಿದ್ದವು.

ಮುಕ್ತಾಂಗಣ: 1980ರ ದಶಕದಲ್ಲಿ ಬ್ರೌನ್ ಶುಗರ್ ಎಂಬ ಮಾದಕ ವಸ್ತುವಿನ ಹಾವಳಿ ಹೆಚ್ಚಿತು, ಪುಣೆಯವರು ಅದನ್ನು 'ಗರ್ದ್' ಎನ್ನುತ್ತಿದ್ದರು. ಅದರ ಬಗ್ಗೆ ಮರಾಠಿ ಲೇಖಕ ಅನಿಲ್ ಅವಚಟ್ ಬರೆದದ್ದನ್ನು ಓದಿದ ಸಾಹಿತಿ ಪು. ಲ. ದೇಶಪಾಂಡೆ ದಂಪತಿ ಹಣದ ನೆರವು ನೀಡಿದರು. ಅನಿಲ್ ಮತ್ತು ಅವರ ಪತ್ನಿ ಡಾ. ಅನಿತಾ 1986ರಲ್ಲಿ ಯೆರವಡಾ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಕೇಂದ್ರವನ್ನು ಆರಂಭಿಸಿದರು. ಮುಂದೆ ಮದ್ಯವ್ಯಸನಿಗಳೇ ಹೆಚ್ಚಾದರು. ಕಂಪನಿಗಳೂ ನೌಕರರನ್ನು ಕಳಿಸತೊಡಗಿದವು. ಅನಿತಾ 1997ರಲ್ಲಿ ತೀರಿಕೊಂಡ ಮೇಲೆ ಮಗಳು ಮುಕ್ತಾ ಪುಣತಾಂಬೇಕರ್ ಹೊಣೆ ಹೊತ್ತರು.

ಕಾರ್ಯವಿಧಾನ: ಸಂಬಳದ ಮರುದಿನ ಅಥವಾ ಸೋಮವಾರ ಗೈರು, ಸಹೋದ್ಯೋಗಿಗಳಲ್ಲಿ ಕೈಸಾಲ, ಯಂತ್ರದ ಮೇಲೆ ಕೈ ನಡುಗುವುದು: ಇವನ್ನು ಮೊದಲು ಗಮನಿಸುವವನು ಸೂಪರ್‌ವೈಸರ್. ರೋಗ ಹೆಸರಿಸುವುದು ಅವನ ಕೆಲಸವಲ್ಲ; ಹಾಜರಿ, ಕೆಲಸದ ದಾಖಲೆ ಮುಂದಿಟ್ಟು ಮಾತಾಡಿ ಚಿಕಿತ್ಸೆಗೆ ಕಳಿಸಬೇಕು. ಹೆಂಡತಿ ಅತ್ತರೂ ಒಪ್ಪದವನು ನೌಕರಿ ಹೋಗುತ್ತದೆಂದಾಗ ಒಪ್ಪುವುದುಂಟು. ಮುಕ್ತಾಂಗಣದಲ್ಲಿ ಸುಮಾರು 35 ದಿನ ವಾಸ. ಆಮೇಲೆ ಅನುಸರಣೆ ಸಭೆಗಳು. ಪತ್ನಿಯರಿಗೆ 'ಸಹಚರಿ' ಗುಂಪು ಇದೆ.

ನಿಯಮ, ವಿಸ್ತರಣೆ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರು 1995ರಲ್ಲಿ ಒಪ್ಪಿದ ಸಂಹಿತೆ ವ್ಯಸನವನ್ನು ಆರೋಗ್ಯ ಸಮಸ್ಯೆಯೆಂದು ಕಂಡು ಗೋಪ್ಯತೆಯನ್ನು ಒತ್ತಿಹೇಳಿತು, ಶಿಸ್ತುಕ್ರಮದ ಅಧಿಕಾರವನ್ನು ಮಾಲೀಕನಿಗೇ ಉಳಿಸಿತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರಾಜ್ಯ ರಸ್ತೆ ಸಾರಿಗೆ ನಿಗಮದ ನೌಕರರಿಗಾಗಿ ಇಂಥದೇ ಕೆಲಸ ಮಾಡಿದೆ. ಚಾಲಕರ ವಿಷಯದಲ್ಲಿ ಕಾನೂನೂ ಬಿಗಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಅಪರಾಧ.

ಮಿತಿ: ತಿಂಗಳು ಮೀರುವ ಚಿಕಿತ್ಸೆಗೆ ಕಾಯಂ ನೌಕರನಿಗೆ ರಜೆ ಸಿಕ್ಕೀತು. ಗುತ್ತಿಗೆ ಕಾರ್ಮಿಕನಿಗೆ ಅಷ್ಟು ದಿನದ ಗೈರೆಂದರೆ ಹಲವು ವೇಳೆ ಕೂಲಿಯೂ ಇಲ್ಲ, ಕೆಲಸವೂ ಇಲ್ಲ.