ದೊಡ್ಡ ನಗರ, ಸಣ್ಣ ಪರದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯವರಿಗೆ ದೊಡ್ಡಾಟ, ಸಣ್ಣಾಟಗಳ ಭೇದವನ್ನು ವಿವರಿಸಿ ಹೇಳಬೇಕಾದುದಿಲ್ಲ. ದೊಡ್ಡಾಟಕ್ಕೆ ಪುರಾಣದ ಕಥೆ, ಕಿರೀಟ ಭುಜಕೀರ್ತಿಗಳ ವೇಷ, ಎತ್ತರದ ಅಟ್ಟ ಬೇಕು. ಸಣ್ಣಾಟಕ್ಕೆ ಕೆಲವೇ ಪಾತ್ರಗಳು, ನಿತ್ಯದ ಉಡುಪು, ಹಿಂದೆ ನಿಂತು ಹಾಡುವ ಮೇಳ ಸಾಕು. ಆದರೂ ಮನುಷ್ಯನ ಅಪರಾಧವನ್ನು ಅತಿ ಸಮೀಪದಿಂದ ತೋರಿಸಿದುದು ಈ ಸಣ್ಣಾಟವೇ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಕೊಲೆಯೊಂದರ ಕಥೆಯಾದ ‘ಸಂಗ್ಯಾ ಬಾಳ್ಯಾ’ ಅದಕ್ಕೆ ನಿದರ್ಶನ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ತೀರ ಬೇರೆ ಬಗೆಯ ಒಂದು ಆಟದ ಚರಿತ್ರೆಯನ್ನು ನಾನಿಂದು ಹೇಳಬಯಸುತ್ತೇನೆ.

‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ವಿಡಿಯೋ ಆಟಗಳ ಮಾಲೆ ಆರಂಭವಾದುದು 1997ರಲ್ಲಿ. ಆಡುವವನು ಒಂದು ಕಲ್ಪಿತ ನಗರದಲ್ಲಿ ಮನಬಂದಂತೆ ಅಲೆಯುತ್ತಾನೆ, ಕಾರು ಕದಿಯುತ್ತಾನೆ, ಪಾತಕಿಗಳ ಕೆಲಸ ಮಾಡಿಕೊಡುತ್ತಾನೆ. 2008ರಲ್ಲಿ ಬಂದ ನಾಲ್ಕನೆಯ ಆಟ ಎಲ್ಲ ಅರ್ಥದಲ್ಲಿಯೂ ದೊಡ್ಡಾಟ: ನ್ಯೂಯಾರ್ಕನ್ನು ಹೋಲುವ ಲಿಬರ್ಟಿ ಸಿಟಿ, ಅಪಾರ ವೆಚ್ಚ, ಕಣ್ಣು ಕೋರೈಸುವ ದೃಶ್ಯಗಳು. ಮರುವರ್ಷ, 2009ರ ಮಾರ್ಚ್‌ನಲ್ಲಿ, ಅದೇ ನಗರವನ್ನು ಅಂಗೈಯಗಲದ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಇಳಿಸಿದರು. ಅದೇ ‘ಚೈನಾಟೌನ್ ವಾರ್ಸ್’.

ಆ ಯಂತ್ರದ ಶಕ್ತಿ ಅಲ್ಪ. ರಾಕ್‌ಸ್ಟಾರ್ ಲೀಡ್ಸ್ ಸಂಸ್ಥೆಯ ರಚನಕಾರರು ಆ ಮಿತಿಯನ್ನೇ ಶೈಲಿಯನ್ನಾಗಿ ಮಾಡಿಕೊಂಡರು. ನಗರವನ್ನು ಮೇಲಿನಿಂದ ನೋಡಿದಂತೆ ತೋರಿಸಿ, ಚಿತ್ರಕಥೆಯ ಪುಸ್ತಕದಂತೆ ಕಪ್ಪು ಗೆರೆಗಳನ್ನು ಎಳೆದರು. ಕೆಳಗಿನ ಪರದೆಯನ್ನು ಕಡ್ಡಿಯಿಂದ ಮುಟ್ಟಿ ಕದ್ದ ಕಾರನ್ನು ಚಾಲೂ ಮಾಡಬೇಕು. ಕಥಾನಾಯಕ ಹುವಾಂಗ್ ಲೀ, ಕೊಲೆಯಾದ ತಂದೆಯ ಖಡ್ಗವನ್ನು ಚಿಕ್ಕಪ್ಪನಿಗೆ ತಲುಪಿಸಲು ಬಂದವನು. ಊರಿಗೆ ಕಾಲಿಟ್ಟೊಡನೆ ಅದನ್ನು ಕಳೆದುಕೊಳ್ಳುತ್ತಾನೆ.

ವಿಮರ್ಶಕರು ಇದನ್ನು ಮುಕ್ತಕಂಠದಿಂದ ಹೊಗಳಿದರು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 93 ಅಂಕ ದೊರೆತವು. ಆ ಯಂತ್ರದ ಆಟಗಳಲ್ಲಿ ಅದು ಅಗ್ರಸ್ಥಾನ. ಆದರೆ ಕೊಳ್ಳುವವರು ಹಿಂದೆಗೆದರು. ಸುಮಾರು 10 ಕೋಟಿ ಡಿಎಸ್ ಯಂತ್ರಗಳು ಜಗತ್ತಿನಲ್ಲಿ ಹರಡಿದ್ದ ಆ ಹೊತ್ತಿನಲ್ಲಿ, ಅಮೆರಿಕದಲ್ಲಿ ಮೊದಲ ಎರಡು ವಾರಗಳ ಮಾರಾಟ 90 ಸಾವಿರವನ್ನೂ ಮುಟ್ಟಲಿಲ್ಲ. ಆ ಯಂತ್ರ ಬಹುಮಟ್ಟಿಗೆ ಮಕ್ಕಳ, ಮನೆಮಂದಿಯ ಕೈಯಲ್ಲಿತ್ತು. ಆಟವಾದರೋ ಪ್ರಾಪ್ತ ವಯಸ್ಕರಿಗೆ ಮೀಸಲು. ಅದೇ ವರ್ಷ ಸೋನಿಯ ಪಿಎಸ್‌ಪಿಗೂ, 2010ರಲ್ಲಿ ಐಫೋನಿಗೂ, 2014ರಲ್ಲಿ ಆಂಡ್ರಾಯ್ಡ್ ಫೋನಿಗೂ ಅದು ಬಂದಿತು.

ನಮ್ಮಲ್ಲಿ ನಡೆದುದು ಇದರ ವಿಲೋಮ. ಸಂಗ್ಯಾ ಬಾಳ್ಯಾನನ್ನು ಮೊದಲು ಒಪ್ಪಿದವರು ಜಾತ್ರೆಯ ಜನ. ಚಂದ್ರಶೇಖರ ಕಂಬಾರರಂಥವರು ಅದನ್ನು ಸಂಪಾದಿಸಿದುದು ಬಹುಕಾಲದ ನಂತರ. ಬೀಸುವ ಕಲ್ಲಿನ ಪದಗಳೂ ಹಾಗೆಯೇ. ಇಂಡಿ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದ ಮೇಲೆಯೇ ಓದುಬಲ್ಲವರು ಅವುಗಳತ್ತ ಹೊರಳಿ ನೋಡಿದರು. ಅಲ್ಲಿ ಜನ ಮುಂದೆ, ಪಂಡಿತರು ಹಿಂದೆ. ಇಲ್ಲಿ ಪಂಡಿತರು ಮುಂದೆ, ಜನ ಹಿಂದೆ. ಮಾರಾಟದ ಲೆಕ್ಕವಾಗಲಿ, ವಿಮರ್ಶಕರ ಅಂಕವಾಗಲಿ ಒಂಟಿಯಾಗಿ ಕೃತಿಯ ಬೆಲೆಯನ್ನು ಹೇಳಲಾರದು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ಆಟದಲ್ಲಿ ಮಾದಕ ವಸ್ತುಗಳನ್ನು ಒಂದು ಕೇರಿಯಲ್ಲಿ ಅಗ್ಗಕ್ಕೆ ಕೊಂಡು ಮತ್ತೊಂದು ಕೇರಿಯಲ್ಲಿ ಏರಿದ ಬೆಲೆಗೆ ಮಾರುವ ವ್ಯಾಪಾರವಿದೆ. ಹಲವು ವಿಮರ್ಶಕರು ಇದನ್ನೇ ಆಟದ ಅತ್ಯಾಕರ್ಷಕ ಅಂಗವೆಂದರು. ರಚನೆಯ ಜಾಣತನ ನಿಜವೇ. ಆದರೆ ಬಾಳ್ಯಾ ಗೆಳೆಯನಿಗೆ ದ್ರೋಹ ಬಗೆಯುವಾಗ ನಾವು ನೋಡುವವರು. ನಮ್ಮ ಎದೆ ಸಂಗ್ಯಾನಿಗಾಗಿ ಮರುಗುತ್ತದೆ. ಇಲ್ಲಿಯೋ ದಂಧೆ ಮಾಡುವವನು ಆಡುವವನೇ. ಅವನ ಲಕ್ಷ್ಯ ಲಾಭದ ಮೇಲೆ. ನೋಡುವವನಿಗೂ ಮಾಡುವವನಿಗೂ ಇರುವ ಈ ಅಂತರವನ್ನು 93 ಎಂಬ ಅಂಕ ಅಳೆಯದು. ಇಂದು ನಮ್ಮ ತಾಲ್ಲೂಕುಗಳ ಹುಡುಗರ ಅಂಗೈಯಲ್ಲಿಯೂ ಇಂಥ ಆಟಗಳನ್ನು ಆಡಬಲ್ಲ ಫೋನುಗಳಿವೆ. ಅವನ್ನು ಕಸಿದುಕೊಳ್ಳುವುದು ವಿಮರ್ಶೆಯ ಕೆಲಸವಲ್ಲ, ಕಣ್ಣುಮುಚ್ಚಿ ಹೊಗಳುವುದೂ ಅಲ್ಲ. ಸಣ್ಣಾಟ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ತಪ್ಪು ಯಾರದೆಂದು ವಾದಿಸುವ ಹಿರಿಯರಂತೆ, ಈ ಆಟಗಳ ಬಗೆಗೂ ಆ ಹುಡುಗರೊಡನೆ ಕುಳಿತು ಮಾತನಾಡುವುದು ಮೇಲೆಂದು ನನ್ನ ಭಾವನೆ.