ಬಾವು, ಉಪ್ಪು ಮತ್ತು ಜೀವಕೋಶ: ಹೈದರಾಬಾದಿನ ಒಂದು ಸಂಶೋಧನೆಯ ಇತಿಹಾಸ

ಹಸಿವಿನಿಂದ ಕೃಶವಾಗಬೇಕಾದ ಮಗು ಕೆಲವು ವೇಳೆ ಬಾತುಕೊಳ್ಳುತ್ತದೆ. ಪಾದ, ಕಣಕಾಲು, ಮುಖ ಉಬ್ಬುತ್ತವೆ; ಬೆರಳಿನಿಂದ ಒತ್ತಿದಲ್ಲಿ ಬಿದ್ದ ಗುಳಿ ಒಡನೆಯೇ ಮುಚ್ಚಿಕೊಳ್ಳುವುದಿಲ್ಲ. ನೋಡಿದವರಿಗೆ ಮಗು ಮೈದುಂಬಿದಂತೆ ತೋರಿದರೂ ಆ ತೂಕ ಮಾಂಸದ್ದಲ್ಲ, ನೀರಿನದು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಇಂಥ ಮಕ್ಕಳನ್ನು ಕಂಡು 1933ರಲ್ಲಿ ರೋಗವನ್ನು ವರ್ಣಿಸಿದರು. 1935ರಲ್ಲಿ ಅಲ್ಲಿನ ಜನರ ಮಾತಿನಿಂದಲೇ ‘ಕ್ವಾಶಿಯೋರ್ಕರ್’ ಎಂಬ ಹೆಸರನ್ನು ವೈದ್ಯಲೋಕಕ್ಕೆ ತಂದರು. ಈ ನೀರನ್ನು ದೇಹದಲ್ಲಿ ಹಿಡಿದಿಡುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಹೈದರಾಬಾದಿನ ಸಂಶೋಧಕರಿಗೆ ಗಣ್ಯವಾದ ಸ್ಥಾನವಿದೆ.

ಉಪ್ಪಿದ್ದಲ್ಲಿಗೆ ನೀರು ಹೋಗುವುದು ಪ್ರಕೃತಿಧರ್ಮ. ಬಾವು ಬಂದವರಿಗೆ ಉಪ್ಪು ಬಿಡಿಸುವ ನಮ್ಮ ನಾಡವೈದ್ಯರ ಪಥ್ಯವೂ ಈ ಅನುಭವದಿಂದಲೇ ಹುಟ್ಟಿದ್ದೆನ್ನಬಹುದು. ಉಪ್ಪಿನಲ್ಲಿರುವ ಸೋಡಿಯಂ ಜೀವಕೋಶದ ಹೊರಗಣ ದ್ರವದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಇದ್ದರೆ, ಒಳಗೆ ಹತ್ತು ಹದಿನೈದಕ್ಕಿಂತ ಹೆಚ್ಚಿರುವುದಿಲ್ಲ. ಪೊಟ್ಯಾಸಿಯಮ್ಮಿನ ಲೆಕ್ಕ ಇದಕ್ಕೆ ವಿಪರೀತ. ಕೋಶದ ಪೊರೆ ಸೋಡಿಯಮ್ಮನ್ನು ಒಳಬಿಡುವುದೇ ಇಲ್ಲವೆಂದು ಹಿಂದಿನವರು ಊಹಿಸಿದ್ದರು. ಆದರೆ ಅದು ಸದಾ ಒಳಗೆ ಸೋರುತ್ತದೆಂದು ಪ್ರಯೋಗಗಳು ತೋರಿಸಿದ ಮೇಲೆ, ಒಳಬಂದುದನ್ನು ಹೊರಹಾಕುವ ಯಾವುದೋ ವ್ಯವಸ್ಥೆ ಇರಲೇಬೇಕಾಯಿತು. 1941ರಲ್ಲಿ ರಾಬರ್ಟ್ ಡೀನ್ ಆ ವ್ಯವಸ್ಥೆಯನ್ನು ‘ಪಂಪು’ ಎಂದು ಕರೆದರು.

ಆ ಪಂಪಿನ ಸ್ವರೂಪವನ್ನು ಬೆಳಕಿಗೆ ತಂದ ಕೀರ್ತಿ ಬಹುಮಟ್ಟಿಗೆ ಡೆನ್ಮಾರ್ಕಿನದು. ಹಾನ್ಸ್ ಉಸ್ಸಿಂಗ್ ಕಪ್ಪೆಯ ಚರ್ಮದ ಎರಡು ಪಕ್ಕಗಳಲ್ಲಿಯೂ ಒಂದೇ ಬಗೆಯ ಉಪ್ಪುನೀರನ್ನಿಟ್ಟು, ಸೋಡಿಯಂ ಹೊರಗಿನಿಂದ ಒಳಕ್ಕೆ ಹರಿಯುತ್ತಲೇ ಇರುವುದನ್ನು 1951ರಲ್ಲಿ ವಿದ್ಯುತ್ ಪ್ರವಾಹದ ಅಳತೆಯಿಂದ ಸ್ಥಾಪಿಸಿದರು. ಕೋಶದ ಒಂದು ಮುಖದಲ್ಲಿ ಸೋಡಿಯಂ ತಾನಾಗಿ ಒಳಬರುತ್ತದೆ, ಎದುರು ಮುಖದಲ್ಲಿ ಪಂಪು ಅದನ್ನು ಆಚೆಗೆ ದೂಡುತ್ತದೆ ಎಂಬ ನಿರೂಪಣೆ 1958ರಲ್ಲಿ ಬಂದಿತು. ಕರುಳಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಉಪ್ಪು ಅಂಗಾಂಶವನ್ನು ದಾಟುವ ಕ್ರಮ ಮೂಲತಃ ಇದೇ. ಈ ನಡುವೆ 1957ರಲ್ಲಿ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಆ ಪಂಪಿನ ಕಿಣ್ವವನ್ನೇ ಗುರುತಿಸಿದರು. ಒಂದೊಂದು ಆವರ್ತದಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ಕಳುಹಿಸಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತರುವ ಈ ಕಿಣ್ವಕ್ಕೆ ಆಹಾರದಿಂದ ಬರುವ ಶಕ್ತಿಯೇ ಇಂಧನ. ಸ್ಕೌ ಅವರಿಗೆ 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇದೇ ಕಾಲದಲ್ಲಿ ದಖ್ಖನಿನಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಘಟಕವು ಪೋಷಣ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯ ತಾರ್ನಾಕಾದಲ್ಲಿ ನೆಲೆಸಿತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ, ಸಂಸ್ಥೆ ಹೈದರಾಬಾದಿಗೆ ಬಂದ 1958ರಲ್ಲಿ, ಸುಮಾರು ಎರಡು ವರ್ಷವಾಗಿತ್ತಷ್ಟೆ. ರಾಜ್ಯದ ಎಲ್ಲೆ ಬದಲಾದರೂ ಬಡವರ ತಟ್ಟೆ ಬದಲಾಗಿರಲಿಲ್ಲ.

ಬಾವಿಗೆ ಆಗ ಪ್ರಚಲಿತವಾಗಿದ್ದ ವಿವರಣೆ ಸರಳವಾದುದು. ಆಹಾರದಲ್ಲಿ ಸಸಾರಜನಕ ಸಾಲದೆ ರಕ್ತದ ಆಲ್ಬುಮಿನ್ ಕುಗ್ಗುತ್ತದೆ. ನೀರನ್ನು ರಕ್ತನಾಳದಲ್ಲಿ ಹಿಡಿಯುವ ಸೆಳೆತ ತಗ್ಗಿ ಅದು ಅಂಗಾಂಶಗಳಿಗೆ ಇಳಿಯುತ್ತದೆ. 1896ರಲ್ಲಿ ಸ್ಟಾರ್ಲಿಂಗ್ ಹಾಕಿಕೊಟ್ಟ ತತ್ತ್ವದಿಂದ ಈ ವಾದ ಹೊರಟಿತ್ತು. ಎಸ್. ಜಿ. ಶ್ರೀಕಂಠಯ್ಯನವರು ಇಷ್ಟಕ್ಕೇ ನಿಲ್ಲಲಿಲ್ಲ. ಸಸಾರಜನಕದ ಕೊರತೆಯಿಂದ ಕೆಟ್ಟ ಯಕೃತ್ತಿನಿಂದ ಫೆರಿಟಿನ್ ರಕ್ತಕ್ಕೆ ಬರುತ್ತದೆ, ಅದು ಮೂತ್ರವನ್ನು ತಡೆಯುವ ಹಾರ್ಮೋನನ್ನು ಪ್ರಚೋದಿಸುತ್ತದೆ, ಹೀಗಾಗಿ ಮೂತ್ರಪಿಂಡವು ನೀರನ್ನು ಬಿಟ್ಟುಕೊಡುವುದಿಲ್ಲ ಎಂಬ ಸಿದ್ಧಾಂತವನ್ನು ಅವರು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಂಡಿಸಿದರು. ಮುಂದೆ ಅವರು ಸಂಸ್ಥೆಯ ನಿರ್ದೇಶಕರೂ ಆದರು. ತರುವಾಯ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಹಿರಿಯ ಸಹೋದ್ಯೋಗಿ ಸಿ. ಗೋಪಾಲನ್ ಅವರು 1968ರಲ್ಲಿ ಇನ್ನೂ ದಿಟ್ಟವಾದ ಮಾತನ್ನಾಡಿದರು: ಬಾತ ಮಗುವಿನ ಊಟಕ್ಕೂ ಬರಿದೇ ಒಣಗಿದ ಮಗುವಿನ ಊಟಕ್ಕೂ ಗುಣದಲ್ಲಿ ಭೇದ ಕಾಣುವುದಿಲ್ಲ, ಕೊರತೆಗೆ ದೇಹ ಹೊಂದಿಕೊಂಡಿತೋ ಸೋತಿತೋ ಎಂಬುದೇ ಭೇದ.

ಫೆರಿಟಿನ್ ಸಿದ್ಧಾಂತ ಸರ್ವಸಮ್ಮತವಾಗಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಆಲ್ಬುಮಿನ್ ಒಂದೇ ಕಾರಣವೆಂಬ ವಾದವೂ ಉಳಿಯಲಿಲ್ಲ. ಆಲ್ಬುಮಿನ್ ಏರುವುದಕ್ಕೆ ಮೊದಲೇ ಬಾವು ಇಳಿಯುವುದನ್ನು ಜಮೈಕಾದ ಸಂಶೋಧಕರು 1980ರಲ್ಲಿ ತೋರಿಸಿದರು. ದೇಹವೇ ತನ್ನ ಉಪ್ಪುನೀರಿನ ಆಡಳಿತವನ್ನು ಬದಲಿಸಿಕೊಳ್ಳುತ್ತದೆಂಬ ಹೈದರಾಬಾದಿನ ಮೂಲದೃಷ್ಟಿ ಹೀಗೆ ನಿಂತಿತು. ಪಂಪಿನ ವೇಗವನ್ನು ಕುರಿತ ಅಳತೆಗಳು ಎಲ್ಲೆಡೆಯೂ ಒಂದೇ ರೀತಿ ಬರಲಿಲ್ಲವಾದರೂ, ತೀವ್ರ ಅಪೋಷಣೆಯಲ್ಲಿ ದೇಹದ ಪೊಟ್ಯಾಸಿಯಂ ಕ್ಷೀಣಿಸಿ ಸೋಡಿಯಂ ಹೆಚ್ಚುವುದು ನಿಶ್ಚಿತವಾಯಿತು.

ಈ ತಿಳಿವಳಿಕೆ ಪ್ರಾಣದ ಪ್ರಶ್ನೆಯಾಗುವುದು ಚಿಕಿತ್ಸೆಯಲ್ಲಿ. ಇಂಥ ಮಗುವಿನ ರಕ್ತದಲ್ಲಿ ಸೋಡಿಯಂ ಕಡಿಮೆಯೆಂದು ಪರೀಕ್ಷೆ ಹೇಳುವುದುಂಟು. ಅದನ್ನು ನಂಬಿ ಉಪ್ಪು ಕೊಟ್ಟರೆ ಅಪಾಯ. ಏಕೆಂದರೆ ಒಟ್ಟು ದೇಹದಲ್ಲಿ ಸೋಡಿಯಂ ಆಗಲೇ ಅಧಿಕವಾಗಿರುತ್ತದೆ. ಆಹಾರ ದೊರೆತು ಪಂಪುಗಳು ಚೇತರಿಸಿಕೊಂಡಾಗ ಕೋಶದೊಳಗಿನ ಸೋಡಿಯಂ ಹೊರಬರುತ್ತದೆ, ದುರ್ಬಲವಾದ ಹೃದಯ ಆ ಭಾರವನ್ನು ತಾಳಲಾರದು. ಕರುಳಿನಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಒಳಸೇರುತ್ತವೆಂದು ರಾಬರ್ಟ್ ಕ್ರೇನ್ 1960ರಲ್ಲಿ ಸೂಚಿಸಿದ ತತ್ತ್ವವು 1971ರಲ್ಲಿ ಬಂಗಾಳದ ಬನಗಾಂವ್ ಶಿಬಿರದ ನಿರಾಶ್ರಿತರಲ್ಲಿ ದಿಲೀಪ್ ಮಹಲನಾಬಿಸರ ಕೈಯಲ್ಲಿ ಕಾಲರಾಕ್ಕೆ ಸಂಜೀವಿನಿಯಾಯಿತು. ಅಂದಿನಿಂದ ಬೆಳೆದ ವಿಶ್ವ ಆರೋಗ್ಯ ಸಂಸ್ಥೆಯ ದ್ರಾವಣದಲ್ಲಿ ಲೀಟರಿಗೆ 90 ಮಿಲಿಮೋಲ್ ಸೋಡಿಯಂ ಇತ್ತು; 2002ರಲ್ಲಿ ಅದನ್ನು 75ಕ್ಕೆ ಇಳಿಸಲಾಯಿತು. ತೀವ್ರ ಅಪೋಷಣೆಯ ಮಕ್ಕಳಿಗಾಗಿ ಬೇರೆಯಾಗಿ ರೂಪಿಸಿದ ದ್ರಾವಣದಲ್ಲಿ ಸೋಡಿಯಂ 45 ಮಾತ್ರ, ಪೊಟ್ಯಾಸಿಯಂ 40. ಕಾಲರಾ ತಗುಲಿದರೆ ಮಾತ್ರ ಈ ನಿಯಮ ಸಲ್ಲದು. ಆಗ ಉಪ್ಪಿನ ನಷ್ಟವೇ ದೊಡ್ಡದು.

ಒಂದು ರೋಗದಲ್ಲಿ ಜೀವವನ್ನುಳಿಸುವ ಉಪ್ಪು ಇನ್ನೊಂದರಲ್ಲಿ ಮಾರಕವಾಗಬಹುದು. ಈ ಎರಡರ ನಡುವಣ ಗೆರೆಯನ್ನು ಎಳೆದವರ ಸಾಲಿನಲ್ಲಿ ಕಪ್ಪೆಯ ಚರ್ಮವನ್ನೂ ಏಡಿಯ ನರವನ್ನೂ ಪರೀಕ್ಷಿಸಿದವರೊಡನೆ, ದಖ್ಖನಿನ ಹಸಿದ ಮಕ್ಕಳ ಬಾವಿಗೆ ಕಾರಣ ಹುಡುಕಿದ ತಾರ್ನಾಕಾದ ವೈದ್ಯರೂ ಇದ್ದಾರೆ. ಅವರ ಉತ್ತರದಲ್ಲಿ ಕೆಲವಂಶ ಕಾಲಕ್ಕೆ ನಿಲ್ಲಲಿಲ್ಲ. ಅವರು ಎತ್ತಿದ ಪ್ರಶ್ನೆ ನಿಂತಿತು. ಶಾಸ್ತ್ರದ ಇತಿಹಾಸದಲ್ಲಿ ಇದೂ ಸಣ್ಣ ಸಾಧನೆಯಲ್ಲ.